ಮಂಗಳಕ್ಕೆ ಮೊದಲು ಹೇಳಬಾರದ ಮಾತು

ಹೂವಪ್ಪನಿಗೆ ಮೊದಲ ಸಲ ಎದೆ ಹಿಡಿದದ್ದು ಹೋದ ವರ್ಷದ ಭೂಮಿ ಹುಣ್ಣಿಮೆಯ ಬೆಳಗಿನ ಜಾವ, ಹಳ್ಳ ದಾಟುವ ಮರದ ಹಲಗೆಯ ಸಂಕದ ಮೇಲೆ. ಆಗ ತಲೆಯ ಮೇಲೆ ಬುಟ್ಟಿ ಇತ್ತು. ಭತ್ತದ ಪೈರು ಹೊಡೆ ತುಂಬಿ ನಿಲ್ಲುವ ಆ ಕಾಲಕ್ಕೆ ಭೂಮಿ ಬಸುರಿ. ಬಸುರಿಗೆ ಬಯಕೆಯ ಊಟ ಹೊತ್ತುಕೊಂಡು ಹೋಗಿ ಗದ್ದೆಯಲ್ಲೇ ಬಡಿಸುವುದು ಅವರ ಕಡೆಯ ಹಬ್ಬ. ಹೆಂಡತಿ ರಂಗಮ್ಮ ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನಲ್ಲಿ ಚಿತ್ತಾರ ಬರೆದ ಆ ಬುಟ್ಟಿಯಲ್ಲಿ ಕಡುಬು, ಪಲ್ಯ, ಬೆರಕೆ ಸೊಪ್ಪು ಬೇಯಿಸಿದ ಚರಗ ಎಲ್ಲ ಇದ್ದವು. ಹೊಸಿಲು ದಾಟಿದ ಮೇಲೆ ಗದ್ದೆ ಮುಟ್ಟುವ ತನಕ ಅದನ್ನು ನೆಲಕ್ಕೆ ಇಳಿಸಬಾರದೆಂಬುದು ಅವರ ಮನೆಯ ಕಟ್ಟು. ಹೂವಪ್ಪ ಇಳಿಸಿದ. ಇಳಿಸಿದ ಎನ್ನುವುದೂ ತಪ್ಪೇ. ಎದೆಯ ಮೇಲೆ ಒನಕೆ ಇಟ್ಟು ಒತ್ತಿದಂತಾಗಿ ಕೂತುಬಿಟ್ಟ, ಬುಟ್ಟಿ ಅವನ ಜೊತೆಗೇ ಇಳಿಯಿತು.

ಆಮೇಲೆ ಆಸ್ಪತ್ರೆ, ಪರೀಕ್ಷೆ, ಮಾತ್ರೆ. ಹೃದಯಕ್ಕೆ ರಕ್ತ ಒಯ್ಯುವ ನಾಳಗಳು ಒಂದು ಕಡೆಯಲ್ಲ, ಸಣ್ಣ ಸಣ್ಣದಾಗಿ ಹಲವು ಕಡೆ ಕಟ್ಟಿಕೊಂಡಿವೆ, ಸ್ಪ್ರಿಂಗು ಕೂರಿಸಲು ತಕ್ಕ ಜಾಗವಿಲ್ಲ ಎಂದರು. ಎದೆ ತೆರೆಯಬಹುದು, ಆದರೆ ಸಕ್ಕರೆ ಕಾಯಿಲೆ ಮೂತ್ರಪಿಂಡವನ್ನೂ ಸ್ವಲ್ಪ ತಿಂದಿರುವುದರಿಂದ ಅದು ಗಂಡಾಂತರದ ಕೆಲಸ. ಅದಕ್ಕೂ ಮುಂಚೆ ಒಂದನ್ನು ನೋಡೋಣ ಎಂದವರು ಸಾಗರದ ಹೃದಯದ ಡಾಕ್ಟರು ನಿರಂಜನ. ಕೊಯ್ಯುವುದಿಲ್ಲ, ಚುಚ್ಚುವುದಿಲ್ಲ, ಮಂಚದ ಮೇಲೆ ಮಲಗಿದರೆ ಸಾಕು. ಕಾಲಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿ ಒತ್ತುತ್ತಾರೆ. ದಿನಕ್ಕೆ ಒಂದು ತಾಸು, ಹಾಗೆ ಮೂವತ್ತೈದು ಸಲ. ಮುಗಿಸಿ ಬಸ್ಸು ಹತ್ತಿ ಮನೆಗೆ ಬರಬಹುದು.

"ಎದೆ ನೋವಿಗೆ ಕಾಲು ಒತ್ತದಾ? ಅದನ್ನ ನಾನೇ ಒತ್ತಿದ್ರೆ ಆಗ್ತಿರಲಿಲ್ವಾ?" ಎಂದಳು ರಂಗಮ್ಮ.

"ನೀನು ಒತ್ತೋದು ಕುತ್ತಿಗೆ, ಮಾರಾಯ್ತಿ," ಎಂದ ಹೂವಪ್ಪ.

ಹೀಗೆ ಭಾದ್ರಪದ ಕಾಲಿಟ್ಟ ಮೇಲೆ ಅವನ ದಿನಚರಿ ಬದಲಾಯಿತು. ಬೆಳಿಗ್ಗೆ ಮಗ ದಿನೇಶ್ ತನ್ನ ಗೂಡ್ಸ್ ಗಾಡಿಯಲ್ಲಿ ರಿಪ್ಪನ್‌ಪೇಟೆಗೆ ಬಿಡುತ್ತಿದ್ದ, ಅಲ್ಲಿಂದ ಸಾಗರದ ಬಸ್ಸು. ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಎರಡು ಮಂಚ, ಎರಡು ಯಂತ್ರ. ಯಂತ್ರ ನೋಡಿಕೊಳ್ಳುವವಳು ಸುಚಿತ್ರಾ ಎಂಬ ಹುಡುಗಿ. ಮೀನಖಂಡಕ್ಕೊಂದು, ತೊಡೆಗೊಂದು, ಕುಂಡೆಗೊಂದು ಅಗಲದ ಪಟ್ಟಿ ಸುತ್ತಿ, ಎದೆಗೆ ತಂತಿ ಅಂಟಿಸಿ ಗುಂಡಿ ಒತ್ತಿದಳೆಂದರೆ ಪಟ್ಟಿಗಳು ಕೆಳಗಿನಿಂದ ಮೇಲಕ್ಕೆ ಒಂದರ ಹಿಂದೊಂದು ಧಪ್ ಧಪ್ ಧಪ್ ಎಂದು ಬಿಗಿಯುತ್ತಿದ್ದವು. ಹೃದಯ ರಕ್ತ ಹೊರಗೆ ತಳ್ಳಿ ಸುಧಾರಿಸಿಕೊಳ್ಳುವ ಆ ಒಂದು ಕ್ಷಣದಲ್ಲೇ ಕಾಲಿನ ರಕ್ತವನ್ನು ಹಿಂದಕ್ಕೆ ಒತ್ತಿ ಕಳಿಸುವುದು, ಹೃದಯ ಮತ್ತೆ ತಳ್ಳುವ ಮೊದಲು ಪಟ್ಟಿ ಸಡಿಲ ಬಿಡುವುದು. ಕಟ್ಟಿಕೊಂಡ ದಾರಿಯ ಪಕ್ಕದಲ್ಲಿ ಸಣ್ಣ ಕವಲು ದಾರಿಗಳು ತೆರೆದುಕೊಳ್ಳಲಿ ಎಂದು ಈ ಉಪಾಯವೆಂದು ಅವಳು ಹೇಳಿದಳು. ರಿಪ್ಪನ್‌ಪೇಟೆಯ ಅಕ್ಕಿ ಗಿರಣಿಯಲ್ಲಿ ಬಹಳ ವರ್ಷ ದುಡಿದ ಹೂವಪ್ಪನಿಗೆ ಯಂತ್ರದ ಸದ್ದು ಹೊಸದಲ್ಲ. ಸದ್ದಿನ ಒಳಗೆ ತಾನೇ ಮಲಗಿರುವುದು ಮಾತ್ರ ಹೊಸದು.

ಮೊದಲ ದಿನ ಹೆದರಿಕೆಗೆ ಅವನು ಬಾಯಲ್ಲಿ ಪದ್ಯ ಶುರು ಮಾಡಿದ. ಅವನದು ಕೇಳಿ ಬಂದ ವಿದ್ಯೆ. ಅಪ್ಪ ಗೇಣಿಗೆ ಗದ್ದೆ ಮಾಡುತ್ತಿದ್ದ ಕಾಲದಲ್ಲಿ ಒಡೆಯರ ಜಗಲಿಯ ಮೇಲೆ ಶ್ರಾವಣ ಪೂರ್ತಿ ಪುರಾಣ ಓದಿಸುತ್ತಿದ್ದರು. ಅಪ್ಪ, ಮಗ ಅಂಗಳದ ಮೂಲೆಯಲ್ಲಿ ಕೂತು ಕೇಳುತ್ತಿದ್ದರು. ಪ್ರತಿ ಪದ್ಯದ ಕೊನೆಗೆ ಅಪ್ಪ ಅಲ್ಲಿಂದಲೇ "ಹೂಂ" ಎನ್ನುತ್ತಿದ್ದ. ಜಗಲಿಯ ಮೇಲೆ ತೂಕಡಿಸುವವರು ತೂಕಡಿಸಲಿ, ಅಂಗಳದ ಹೂಂ ಕೇಳಿಸದಿದ್ದರೆ ಓದುವವರು ಮುಂದಿನ ಪದ್ಯ ಎತ್ತುತ್ತಿರಲಿಲ್ಲ. ಉಳುವವನಿಗೇ ಭೂಮಿ ಎಂಬ ಕಾನೂನು ಬಂದು ಗದ್ದೆ ತಮ್ಮದೇ ಆದ ಮೇಲೆ ಅಪ್ಪ ಅದೇ ಓದುಗರನ್ನು ಕರೆಸಿ ತನ್ನ ಜಗಲಿಯ ಮೇಲೆ ಕೂರಿಸಿದ. ತಾನು ಮಾತ್ರ ಅಂಗಳದಲ್ಲೇ ಕೂತ, ಅಭ್ಯಾಸ ತಪ್ಪಲಿಲ್ಲ.

"ಅಜ್ಜ, ಬಾಯಿ ಆಡಿಸ್ಬ್ಯಾಡಿ. ಎದೆ ಅಲ್ಲಾಡಿದ್ರೆ ಇಲ್ಲಿ ಗೆರೆ ಹಾರತ್ತೆ, ಮಿಷಿನ್ನಿಗೆ ನಿಮ್ಮ ಹಾರ್ಟ್ ಯಾವ್ದು, ಪದ್ಯ ಯಾವ್ದು ಗೊತ್ತಾಗಲ್ಲ," ಎಂದಳು ಸುಚಿತ್ರಾ.

ಅಂದಿನಿಂದ ಅವನು ಬಾಯಿ ಮುಚ್ಚಿ ಒಳಗೇ ಕೇಳತೊಡಗಿದ.

ಪಕ್ಕದ ಮಂಚದವನು ಅಂಜನಪ್ಪ. ಮಾಸ್ತಿಕಟ್ಟೆಯ ಕಡೆಯವನು, ಮಾಣಿ ಡ್ಯಾಮಿನಲ್ಲಿ ಕೆಲಸ ಮಾಡಿ ನಿವೃತ್ತನಾಗಿ ಈಗ ಚಿಕಿತ್ಸೆಗೆಂದು ಸಾಗರದ ಮಗಳ ಮನೆಯಲ್ಲಿದ್ದ. ಅವನ ಬಾಯಿಗೆ ಗೇಟಿರಲಿಲ್ಲ.

"ಏನ್ರೀ ಹೂವಪ್ಪನೋರೆ, ಹೆಂಗಿದೀರಿ? ನಾನಂತೂ ಕುದುರೆ ಆಗಿದೀನಿ ಮಾರಾಯ್ರೆ! ನಿನ್ನೆ ಮಗಳ ಮನೆ ಮಾಳಿಗೆಗೆ ಎರಡು ಸಲ ಹತ್ತಿ ಇಳಿದೆ. ನಿಮಗೆ?"

"ಹಂಗೇ ಅದೆ."

"ಎಂತ ಹಂಗೇ? ಮೊದ್ಲಿನ ಹಂಗೋ, ಚಲೋ ಆದ ಹಂಗೋ?"

"ಹಂಗೇ," ಎಂದು ಹೂವಪ್ಪ ಆಚೆ ತಿರುಗಿದ.

ನಿಜ ಹೇಳಬೇಕೆಂದರೆ ಹಾಗೇ ಇರಲಿಲ್ಲ. ಮೊದಲೆಲ್ಲ ಬಸ್‌ ಸ್ಟ್ಯಾಂಡಿನಿಂದ ಕ್ಲಿನಿಕ್ಕಿನ ಏರು ಹತ್ತಲು ಬೇಕರಿಯ ಮುಂದೆ ಒಮ್ಮೆ, ಸೈಕಲ್ ಅಂಗಡಿಯ ಮುಂದೆ ಒಮ್ಮೆ ನಿಂತು ಏದುಸಿರು ಬಿಡಬೇಕಿತ್ತು. ಒಂದು ದಿನ ಕ್ಲಿನಿಕ್ಕಿನ ಬಾಗಿಲಲ್ಲಿ ಚಪ್ಪಲಿ ಬಿಡುವಾಗ, ಎಲ್ಲೂ ನಿಲ್ಲಲಿಲ್ಲವಲ್ಲ ಎಂದು ಹೊಳೆಯಿತು. ನೋವು ಬಂದಾಗ ನಾಲಿಗೆಯಡಿ ಇಡುವ ಮಾತ್ರೆಯ ಸೀಸೆ ಅಂಗಿ ಜೇಬಿನಲ್ಲಿ ಸುಮ್ಮನೆ ಕೂತಿತ್ತು. ಅಂಗಿ ಒಗೆಯುವಾಗ ರಂಗಮ್ಮ ಆ ಸೀಸೆಯನ್ನು ಹಿಡಿದು ಅಲ್ಲಾಡಿಸಿ ನೋಡಿ, ಏನೂ ಅನ್ನದೆ ಇನ್ನೊಂದು ಅಂಗಿಯ ಜೇಬಿಗೆ ಹಾಕುವುದನ್ನು ಅವನು ಕಂಡಿದ್ದ. ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ.

ಹೇಳುವ ರೂಢಿ ಇಲ್ಲ. ಪೈರು ಹೇಗಿದೆ ಎಂದರೆ ಅವರ ಊರಿನಲ್ಲಿ ಯಾರೂ ಚೆನ್ನಾಗಿದೆ ಎನ್ನುವುದಿಲ್ಲ. ತೆನೆಯ ಭಾರಕ್ಕೆ ಗದ್ದೆಯೇ ಬಾಗಿದ್ದರೂ "ಏನೋ, ಅದೆ" ಎನ್ನುತ್ತಾರೆ. ಬಸುರಿಯನ್ನು ಹೊಗಳುವುದಿಲ್ಲ, ಹಾಲು ಕರೆಯುವ ಎಮ್ಮೆಯನ್ನು ಹೊಗಳುವುದಿಲ್ಲ. ಹೂವಪ್ಪನಿಗೆ ಇದರ ಜೊತೆ ಇನ್ನೊಂದಿತ್ತು. ಪುರಾಣ ಓದುವವರು ಮಂಗಳ ಹಾಡುವುದು ಕಥೆ ಪೂರ್ತಿಯಾದ ದಿನ. ಒಮ್ಮೆ ಓದುಗರಿಗೆ ಜ್ವರ ಬಂದು ನಡುವೆಯೇ ನಿಲ್ಲಿಸಬೇಕಾದಾಗ, ಒಡೆಯರು "ಮಂಗಳ ಹೇಳಿಬಿಡಿ" ಎಂದರೂ ಅವರು ಒಪ್ಪಿರಲಿಲ್ಲ. ನಡುವೆ ಮಂಗಳ ಹೇಳಿದರೆ ಕಥೆ ಅಲ್ಲಿಗೇ ಮುಗಿದುಹೋಗುತ್ತದೆ ಎಂದು ಹಾಗೇ ಎದ್ದು ಹೋಗಿದ್ದರು. ಗುಣವಾಯಿತು ಎನ್ನುವುದೂ ಮಂಗಳವೇ. ಮೂವತ್ತೈದೂ ಮುಗಿಯಲಿ, ಆಗ ಹೇಳಿದರಾಯಿತು ಎಂದು ಹೂವಪ್ಪ ಮನಸ್ಸಿನಲ್ಲೇ ಇಟ್ಟುಕೊಂಡ.

ಅವನ ಎಣಿಕೆಯೇ ಸರಿ ಎನ್ನುವಂತೆ, ಒಂದು ಸೋಮವಾರ ಪಕ್ಕದ ಮಂಚ ಖಾಲಿ ಇತ್ತು.

"ಅಂಜನಪ್ಪನೋರು?"

"ಅಡ್ಮಿಟ್ ಆಗಿದಾರೆ ಅಜ್ಜ. ನಿನ್ನೆ ಎದೆ ನೋವು ಬಂತಂತೆ. ಈಗ ಪರವಾಗಿಲ್ಲ," ಎಂದಳು ಸುಚಿತ್ರಾ, ಪಟ್ಟಿ ಸುತ್ತುತ್ತ.

ಕುದುರೆ ಆಗಿದೀನಿ ಎಂದ ಬಾಯಿ. ಹೂವಪ್ಪ ಕಣ್ಣು ಮುಚ್ಚಿ ಮನೆದೇವರನ್ನು ನೆನೆದ. ಆ ಬುಧವಾರ ಡಾಕ್ಟರು ನಿರಂಜನ ಕರೆದು ಕೂರಿಸಿ ಕೇಳಿದಾಗ ಅವನ ಬಾಯಿ ಇನ್ನಷ್ಟು ಬಿಗಿದುಕೊಂಡಿತ್ತು.

"ಅರ್ಧ ಮುಗೀತು ಹೂವಪ್ಪ. ನೋವು ಎಷ್ಟು ಕಮ್ಮಿ ಆಗಿದೆ?"

"ಹಂಗೇ ಅದೆ ಸಾರ್."

"ಸ್ವಲ್ಪಾನೂ ವ್ಯತ್ಯಾಸ ಇಲ್ವಾ? ನಡೆಯುವಾಗ?"

"ಏನೋ, ನಡೀತದೆ."

ಡಾಕ್ಟರು ಮೊದಲ ವಾರ ಮಾಡಿದಂತೆಯೇ ಹೊರಗಿನ ಉದ್ದ ಜಗಲಿಯಲ್ಲಿ ಗಡಿಯಾರ ಹಿಡಿದು ಆರು ನಿಮಿಷ ಅವನನ್ನು ನಡೆಸಿ ನೋಡಿದರು. ಆಗುವಷ್ಟು ಬಿರುಸಾಗಿ ನಡೆಯಿರಿ ಎಂದಿದ್ದರು. ಬೆಂಚಿನ ಮೇಲೆ ಕಾದು ಕೂತ ರೋಗಿಗಳೆಲ್ಲ ನೋಡುತ್ತಿದ್ದರು. ಅಷ್ಟು ಕಣ್ಣುಗಳ ಎದುರು ಬಿರುಸಾಗಿ ನಡೆದು ತೋರಿಸುವುದುಂಟೆ? ಹೂವಪ್ಪ ಹೆಣದ ಹಿಂದೆ ಹೋಗುವವನಂತೆ ಹೆಜ್ಜೆ ಹಾಕಿದ. ಮೊದಲ ವಾರ ಎಷ್ಟು ದೂರ ನಡೆದಿದ್ದನೋ ಅಷ್ಟೇ ದೂರ.

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಬೇಸರ ಅವರ ಮುಖದಲ್ಲೇ ಕಾಣುತ್ತಿತ್ತು. "ಕೆಲವರಿಗೆ ಇದು ಕೆಲಸ ಮಾಡೋದಿಲ್ಲ. ನಿಮ್ಮ ತಪ್ಪೇನಿಲ್ಲ. ಅಷ್ಟು ದೂರದಿಂದ ನಿಮ್ಮನ್ನ ಸುಮ್ನೆ ಓಡಾಡಿಸೋಕೆ ನಂಗೆ ಮನಸ್ಸಿಲ್ಲ. ಹಬ್ಬ ಮುಗಿಸಿ ಮಗನ್ನ ಕರ್ಕೊಂಡು ಬನ್ನಿ. ಕರಾವಳಿ ಕಡೆ ದೊಡ್ಡ ಆಸ್ಪತ್ರೆಗೆ ಬರೆದುಕೊಡ್ತೀನಿ. ಆಪರೇಷನ್ ಬಗ್ಗೆ ಅವರೇ ನಿರ್ಧಾರ ಮಾಡಲಿ."

ಹೂವಪ್ಪ ಎದ್ದು ಕೈ ಮುಗಿದು ಹೊರಟ. ಬಸ್ಸಿನಲ್ಲಿ ಆನಂದಪುರ ದಾಟುವ ತನಕ ಅವನ ಕೈ ಎದೆಯ ಮೇಲೆಯೇ ಇತ್ತು. ನೋವಿಗಲ್ಲ, ಅಲ್ಲಿ ಕೊಯ್ಯುತ್ತಾರಲ್ಲ ಎಂದು. ಹೇಳಿದರೆ ಗುಣ ಕೆಡುತ್ತದೆ, ಹೇಳದಿದ್ದರೆ ಚಿಕಿತ್ಸೆ ನಿಲ್ಲುತ್ತದೆ. ಎರಡರ ನಡುವೆ ದಾರಿ ಕಾಣಲಿಲ್ಲ.

ಭೂಮಿ ಹುಣ್ಣಿಮೆ ಬಂತು. ಬುಟ್ಟಿ ತಾನು ಹೊರುತ್ತೇನೆ ಎಂದು ದಿನೇಶ್ ತಲೆಗೆ ಸಿಂಬಿ ಇಟ್ಟುಕೊಂಡು ನಿಂತಿದ್ದ. ರಂಗಮ್ಮ ಬುಟ್ಟಿಯನ್ನು ಎತ್ತಿ ಹಿಡಿದು ಗಂಡನ ಮುಖ ನೋಡಿದಳು. ಹೂವಪ್ಪ ಮಗನ ತಲೆಯ ಸಿಂಬಿ ತೆಗೆದು ತನ್ನ ತಲೆಗೆ ಇಟ್ಟುಕೊಂಡ.

"ಅಪ್ಪಾ, ಡಾಕ್ಟ್ರು ಎಂತ ಅಂದಾರೆ ಗೊತ್ತಲ್ಲ!"

"ಹಿಂದೆ ಬಾ. ಬಿದ್ರೆ ಹಿಡ್ಕೊ. ಬುಟ್ಟಿ ಹಿಡ್ಕೊ, ಮೊದ್ಲು."

ಮುಂದೆ ದೀಪ ಹಿಡಿದು ರಂಗಮ್ಮ, ಹಿಂದೆ ಜಾಗಟೆ ಬಡಿಯುತ್ತ ದಿನೇಶ್. ಇಬ್ಬನಿಗೆ ಹುಲ್ಲು ಜಾರುತ್ತಿತ್ತು. ಸಂಕ ಬಂದಾಗ ದಿನೇಶನ ಜಾಗಟೆ ನಿಂತಿತು. ಹೂವಪ್ಪ ಅವಸರವಿಲ್ಲದೆ ಹಲಗೆಯ ಮೇಲೆ ಕಾಲಿಟ್ಟ. ಎದೆಯಲ್ಲಿ ಒನಕೆ ಇರಲಿಲ್ಲ, ಉಸಿರು ಮಾತ್ರ ಇತ್ತು. ಸಂಕ ದಾಟಿ, ಆಚೆಯ ಕಡಿದಾದ ಮಣ್ಣಿನ ದರೆ ಹತ್ತಿ, ಗದ್ದೆಯ ಬದುವಿನಲ್ಲಿ ಬುಟ್ಟಿ ಇಳಿಸಿದ. ಜಾಗಟೆ ಮತ್ತೆ ಶುರುವಾಯಿತು, ಬೇಕಾದ್ದಕ್ಕಿಂತ ಜೋರಾಗಿ.

ಪೈರಿಗೆ ಹೂವು ಮುಡಿಸಿ, ರವಿಕೆ ಕಣ ಕಟ್ಟಿ, ಎಡೆ ಬಡಿಸಿದರು. ಬಂದು ಉಣ್ಣು ತಾಯಿ ಎಂದು ಕೂಗಿ ಕರೆದು ಚರಗ ಬೀರಿದರು. ಉಳಿದ ಕಡುಬನ್ನು ಬದುವಿನ ಮೇಲೆ ಕೂತು ತಿನ್ನುವಾಗ ರಂಗಮ್ಮ ಬಾಯಿಬಿಟ್ಟಳು.

"ಡಾಕ್ಟ್ರಿಗೆ ಎಂತ ಹೇಳಿದ್ರಿ?"

"ಹಂಗೇ ಅದೆ ಅಂದೆ."

"ಹಂಗೇ ಅದೆಯಾ?"

ಅವನು ಇನ್ನೊಂದು ಕಡುಬು ಮುರಿದ.

"ನಾನು ಇವನ ಬಸುರಿ ಇದ್ದಾಗ ನಿಮ್ಮವ್ವ ಎಂತ ತಿನ್ಬೇಕು ಅನ್ಸತ್ತೆ ಅಂತ ಕೇಳಿದ್ರು. ಹಂಗೇ ಅದೆ ಅಂದಿದ್ರೆ ನಂಗೆ ಅಮಟೆಕಾಯಿ ಸಿಗ್ತಿತ್ತನಾ? ಡಾಕ್ಟ್ರು ನಿಮ್ಮನ್ನ ಹೊಗಳಾಕೆ ಕೇಳಿದ್ದಲ್ಲ. ಬಡಿಸಾಕೆ ಕೇಳಿದ್ದು."

"ಅಂಜನಪ್ಪ ಬಾಯಿ ಮಾಡಿ ಮಲಗಿದ, ಗೊತ್ತನಾ?"

"ಅವನ ಬಾಯಿಯ ಲೆಕ್ಕ ಅವನಿಗೆ. ನೀವು ಅಷ್ಟು ಪುರಾಣ ಕೇಳಿದೀರಿ. ಕೇಳಾಕೆ ಕೂತವ ಮಾತೇ ಆಡಬಾರ್ದು ಅಂತ ಯಾವ ಓದುಗರು ಹೇಳಿದ್ರು?"

ಹೂವಪ್ಪನ ಕೈ ಕಡುಬಿನ ಮೇಲೆ ನಿಂತಿತು. ಯಾವ ಓದುಗರೂ ಹೇಳಿರಲಿಲ್ಲ. ಅಂಗಳದ ಮೂಲೆಯಿಂದ ಅಪ್ಪ ಎನ್ನುತ್ತಿದ್ದ ಹೂಂ ನೆನಪಾಯಿತು. ಅದು ಮಂಗಳವಲ್ಲ. ಕಥೆ ಮುಗಿಯಿತು ಎಂದಲ್ಲ, ಇಲ್ಲಿಯ ತನಕ ತಲುಪಿತು, ಮುಂದೆ ಹೇಳಿ ಎಂದು. ಅದು ಕೇಳಿಸದಿದ್ದರೆ ಓದುವವರು ನಿಲ್ಲಿಸಿಬಿಡುತ್ತಿದ್ದರು. ಡಾಕ್ಟರು ನಿಲ್ಲಿಸಿದ್ದೂ ಅದಕ್ಕೇ.

ಮಾರನೆಯ ದಿನ ದಿನೇಶನ ಜೊತೆ ಸಾಗರಕ್ಕೆ ಹೋದ. ಡಾಕ್ಟರು ಪತ್ರ ಬರೆಯಲು ಪೆನ್ನು ತೆಗೆದಿದ್ದರು.

"ಸಾರ್, ಹೋದ ವರ್ಷ ಹುಣ್ಣಿಮೆ ದಿನ ಬುಟ್ಟಿ ಸಂಕದ ಮೇಲೆ ಇಳಿಸಿದ್ದೆ," ಎಂದ ಹೂವಪ್ಪ.

ಡಾಕ್ಟರು ತಲೆ ಎತ್ತಿದರು.

"ಈ ವರ್ಷ ಗದ್ದೆಯಲ್ಲಿ ಇಳಿಸಿದೆ. ಸಂಕದ ಆಚೆ ದರೆ ಅದೆ, ನಿಮ್ಮ ಈ ಮೆಟ್ಲಿಗಿಂತ ಎತ್ತರ. ಮೊದ್ಲು ಬೇಕರಿ ಹತ್ರ ನಿಲ್ತಿದ್ದೆ, ಸೈಕಲ್ ಅಂಗಡಿ ಹತ್ರ ನಿಲ್ತಿದ್ದೆ. ಈಗ ನಿಲ್ಲಲ್ಲ. ಮಾತ್ರೆ ಸೀಸೆ..." ಜೇಬಿನಿಂದ ತೆಗೆದು ಮೇಜಿನ ಮೇಲಿಟ್ಟ. "ತುಂಬೇ ಅದೆ."

ಡಾಕ್ಟರು ಸೀಸೆ ನೋಡಿದರು, ದಿನೇಶನನ್ನು ನೋಡಿದರು, ಮತ್ತೆ ಇವನನ್ನು ನೋಡಿದರು. "ಮತ್ತೆ ಅವತ್ತು ಜಗಲೀಲಿ ಹಂಗೆ ನಡೆದ್ರಲ್ಲ?"

"ಅಷ್ಟು ಜನ ನೋಡ್ತಿದ್ರು ಸಾರ್."

"ಅಂದ್ರೆ ನಿಮಗೆ ಗುಣ ಆಗ್ತಾ ಇದೆ."

"ಅದನ್ನ ನೀವು ಹೇಳ್ಕೊಳ್ಳಿ ಸಾರ್. ನಾನು ಎಲ್ಲಿ ನಿಂತೆ, ಎಲ್ಲಿ ನಿಲ್ಲಲಿಲ್ಲ ಅಷ್ಟೇ ಹೇಳಿದ್ದು."

ಡಾಕ್ಟರು ನಗಲಿಲ್ಲ, ಸಿಟ್ಟೂ ಮಾಡಲಿಲ್ಲ. ಜಗಲಿಯ ಬೆಂಚಿನಲ್ಲಿ ಕೂತವರನ್ನೆಲ್ಲ ಒಳಕ್ಕೆ ಕಳಿಸಿ ಇನ್ನೊಮ್ಮೆ ನಡೆಸಿ ನೋಡಿದರು. ದಿನೇಶ್ ಹಿಂದೆ ಬರಲು ಹೆಜ್ಜೆ ದೊಡ್ಡದು ಮಾಡಬೇಕಾಯಿತು. "ಉಳಿದದ್ದನ್ನೂ ಮುಗಿಸೋಣ," ಎಂದರು ಡಾಕ್ಟರು. "ನಾಳ ಪೂರ್ತಿ ತೆರೀತು ಅಂತಲ್ಲ. ಮಾತ್ರೆ ಬಿಡೋಹಾಗಿಲ್ಲ, ಭಾರ ಹೊರೋದಿದ್ರೆ ಮೊದ್ಲು ನನ್ನ ಕೇಳ್ಬೇಕು. ನಿಮ್ಮ ಸ್ನೇಹಿತರು ಆರಾಮಾದೆ ಅಂತ ಮಾತ್ರೆ ನಿಲ್ಲಿಸಿ, ಮಗಳ ಮನೆ ಅಕ್ಕಿ ಮೂಟೆ ಮಾಳಿಗೆಗೆ ಏರಿಸಿದ್ರು. ಅದಕ್ಕೇ ಮಲಗಿದ್ದು."

ಹೂವಪ್ಪ ಸೀಸೆಯನ್ನು ಜೇಬಿಗೆ ಹಾಕಿಕೊಳ್ಳುತ್ತ, "ಬಾಯಿಗಲ್ವಾ?" ಎಂದ.

"ಯಾವ ಬಾಯಿಗೆ?"

"ಏನಿಲ್ಲ ಸಾರ್."

ಹಿಂದಿನ ಕೋಣೆಯಲ್ಲಿ ಸುಚಿತ್ರಾ ಪಟ್ಟಿ ಬಿಡಿಸಿಟ್ಟುಕೊಂಡಿದ್ದಳು. ಸುದ್ದಿ ಅವಳಿಗೆ ಆಗಲೇ ಮುಟ್ಟಿತ್ತು. ಪಟ್ಟಿ ಸುತ್ತಿ, ತಂತಿ ಅಂಟಿಸಿ, ಗುಂಡಿಯ ಮೇಲೆ ಬೆರಳಿಟ್ಟು ನಿಂತಳು. "ಹೆಂಗಿದೀರಿ ಅಂತ ಇನ್ಮೇಲೆ ಕೇಳಲ್ಲ ಅಜ್ಜ. ಇವತ್ತು ಬೇಕರಿ ಹತ್ರ ನಿಂತ್ರಾ?"

"ಇಲ್ಲ."

"ಸೈಕಲ್ ಅಂಗಡಿ?"

"ಇಲ್ಲ."

"ಹಂಗಾದ್ರೆ ಶುರು ಮಾಡ್ಲಾ?"

ಹೂವಪ್ಪ ಕಣ್ಣು ಮುಚ್ಚಿ, ಅಂಗಳದ ಮೂಲೆಯಲ್ಲಿ ಕೂತವನಂತೆ, "ಹೂಂ" ಎಂದ.