ದಾಖಲೆಯ ಮರುದಿನ

ಬಾಗಿಲು ತೆಗೆದ ಕೂಡಲೇ ಒಳಗಿನ ಮಾತು ನಿಂತಿತು. ಸೌನಾ ಎಂಬ ಆ ಹಬೆಕೋಣೆಯ ಬಿಸಿಗಿಂತ ಮೊದಲು ವಿರ್ಪಿಯ ಮುಖಕ್ಕೆ ತಾಗಿದ್ದು ಆ ಮೌನ.

"ಬಾ ಬಾ, ರಾಣಿ ಬಂದ್ಲು ನೋಡ್ರೇ," ಎಂದಳು ಸಾನಾ. ಎಲ್ಲರೂ ನಕ್ಕರು. ತುಸು ಹೆಚ್ಚೇ ನಕ್ಕರೆಂದು ವಿರ್ಪಿಗೆ ಅನಿಸಿತು.

ಕೆಳಗಿನ ಹಲಗೆಯ ಮೇಲೆ ಅವಳಿಗೊಂದು ಜಾಗ ಬಿಟ್ಟಿದ್ದರು. ಅಲ್ಲಿ ಬಿಸಿ ಕಡಿಮೆ. ಮಕ್ಕಳು, ಮುದುಕಿಯರು ಕೂರುವ ಹಲಗೆ ಅದು. ವಿರ್ಪಿ ಕಂಡೂ ಕಾಣದವಳಂತೆ ದಾಟಿ ಮೇಲಿನ ಹಲಗೆಗೆ ಹತ್ತಿದಳು. ಇಬ್ಬರು ಹುಡುಗಿಯರು ಸರಿದು ಜಾಗ ಮಾಡಿದರು. ಅಷ್ಟು ಬೇಗ ಯಾಕೆ ಸರಿದರು?

ನಿನ್ನೆ ಹೆಲ್ಸಿಂಕಿಯ ಫುಟ್‌ಬಾಲ್ ಪಂದ್ಯದಲ್ಲಿ ಅವಳು ಹೊಡೆದ ಪೆನಾಲ್ಟಿ ಹಳೆಯ ದಾಖಲೆಯನ್ನು ಮುರಿದಿತ್ತು. ಹದಿನೇಳು ವರ್ಷದ ಆಟ, ಎರಡು ಸಲ ಕೊಯ್ಸಿಕೊಂಡ ಮೊಣಕಾಲು, ಹಿಮದಲ್ಲಿ ಆಡಿದ ಲೆಕ್ಕವಿಲ್ಲದ ಪಂದ್ಯಗಳು. ಈಗ ದೇಶಕ್ಕಾಗಿ ಅವಳಷ್ಟು ಗೋಲು ಹೊಡೆದ ಹೆಣ್ಣು ಇನ್ನೊಬ್ಬಳಿಲ್ಲ. ಬೆಳಗಿನಿಂದ ಬರೀ ಅಭಿನಂದನೆ. ಅವಳಿಗೆ ಬೇಕಿದ್ದದ್ದು ಅದಲ್ಲ. ಆ ಗೋಲು ನಿನ್ನದೇ ಎಂದು ಯಾರಾದರೂ ಖಾತ್ರಿಯಾಗಿ ಹೇಳಬೇಕಿತ್ತು.

ತಂಡದಲ್ಲಿ ಪೆನಾಲ್ಟಿ ಹೊಡೆಯುವವಳು ಸಾನಾ. ಶಾಲೆಯಲ್ಲಿದ್ದಾಗ ತನ್ನ ಅಂಗಿಯ ಮೇಲೆ ವಿರ್ಪಿಯ ಸಹಿ ಹಾಕಿಸಿಕೊಂಡವಳು. ನಿನ್ನೆ ಅವಳು ಎದುರಾಳಿ ಗೋಲ್‌ಕೀಪರಿನ ಹತ್ತಿರ ಹೋಗಿ ಏನೋ ಹೇಳಿ ನಕ್ಕಳು, ಆಮೇಲೆ ಚೆಂಡನ್ನು ತಂದು ವಿರ್ಪಿಯ ಕೈಗಿಟ್ಟಳು. ಆ ಕೀಪರ್ ಮತ್ತು ಸಾನಾ ಜರ್ಮನಿಯಲ್ಲಿ ಒಂದೇ ಕ್ಲಬ್ಬಿಗೆ ಆಡುತ್ತಾರೆ. ವಿರ್ಪಿಯ ಒದೆತ ಪೇಲವವಾಗಿತ್ತು. ಆದರೂ ಚೆಂಡು ಹೊರಡುವ ಮೊದಲೇ ಕೀಪರ್ ಇನ್ನೊಂದು ಬದಿಗೆ ಬಿದ್ದಿದ್ದಳು. ವಿರ್ಪಿ ಕಾನೂನು ಓದಿದವಳು. ಇಷ್ಟೆಲ್ಲ ಸಾಕ್ಷಿಯಿಂದ ಏನೂ ಸಾಬೀತಾಗುವುದಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

"ನಿನ್ನೆ ಕೀಪರ್ ಹತ್ರ ಏನ್ ಹೇಳ್ದೆ?" ವಿರ್ಪಿ ಸಾನಾಳನ್ನು ಕೇಳಿದಳು.

"ಯಾವಾಗ?"

"ನಿಂಗೊತ್ತು ಯಾವಾಗ ಅಂತ."

"ಓ, ಅದಾ?" ಸಾನಾ ಕತ್ತಿನ ಬೆವರು ಒರೆಸಿಕೊಂಡಳು. "ಅವಳ ನಾಯಿಗೆ ಹುಷಾರಿರ್ಲಿಲ್ಲ. ಹೇಗಿದೆ ಅಂತ ಕೇಳ್ದೆ."

"ಪೆನಾಲ್ಟಿ ಹೊತ್ತಲ್ಲಿ?"

"ನಾಯಿ ಏನು ಪಂದ್ಯ ಮುಗೀಲಿ ಅಂತ ಕಾಯುತ್ತಾ?"

ಮತ್ತೆ ನಗು.

ತಂಡಕ್ಕೆ ಹೊಸಬಳಾದ ಮಿಂಟು ಕಾದ ಕಲ್ಲುಗಳ ಒಲೆಯ ಬಳಿ ನಿಂತು, ಸೌಟಿನಲ್ಲಿ ನೀರು ತುಂಬಿ ವಿರ್ಪಿಯತ್ತ ತಿರುಗಿದಳು. "ಕಲ್ಲಿಗೆ ನೀರು ಹಾಕ್ಲಾ? ನಿಮಗೆ ತಡ್ಕೊಳ್ಳೋಕಾಗುತ್ತಾ?"

ಇಲ್ಲಿ ತರಬೇತುದಾರಳನ್ನೂ ಎಲ್ಲರೂ ನೀನು ಎನ್ನುತ್ತಾರೆ; ನೀವು ಎನ್ನುವುದು ವಯಸ್ಸಾದವರಿಗೆ. ವಿರ್ಪಿಗೆ ಮೈಯೆಲ್ಲ ಉರಿಯಿತು.

"ಹಾಕು. ಇನ್ನೂ ಹಾಕು."

ಕಲ್ಲುಗಳು ಚೊಯ್ ಎಂದವು. ಹಬೆ ಕಿವಿಯ ತುದಿಗಳನ್ನು ಸುಟ್ಟಿತು. "ಅಯ್ಯೋ, ನನ್ನ ಕೈಲಾಗಲ್ಲಮ್ಮಾ" ಎಂದು ಒಬ್ಬಳು ಇಳಿದು ಹೋದಳು. ಅವಳ ಹಿಂದೆ ಇನ್ನೊಬ್ಬಳು, ಮತ್ತೆ ಮಿಂಟು. ಕೊನೆಗೆ ಸಾನಾ ಎದ್ದಳು.

"ಸಾಕು ಕಣೇ, ಬಾ. ಸರೋವರಕ್ಕೆ ಹಾರೋಣ."

"ಸೋತ್ಯಾ?"

"ಸೋತೆ ಅಂತಾನೇ ಇಟ್ಕೋ."

"ಇಟ್ಕೋ ಅಂದ್ರೇನು?"

ಸಾನಾ ಬಾಗಿಲಲ್ಲಿ ಒಂದು ಗಳಿಗೆ ನಿಂತಳು. "ನಿನ್ ಜೊತೆ ಯಾರು ಮಾತಾಡೋದು ವಿರ್ಪಿ," ಎಂದು ಹೊರಗೆ ಹೋದಳು.

ವಿರ್ಪಿ ಕದಲಲಿಲ್ಲ. ಅವರು ನೀರಿಗೆ ಧುಮುಕುವುದು ಕೇಳಿಸಿತು. ಎಷ್ಟೋ ಹೊತ್ತಿನ ಮೇಲೆ ಅವರು ಊಟದ ಕೋಣೆಯ ಕಡೆ ಹೋಗುವುದೂ ಕೇಳಿಸಿತು. ಅವಳಿಗೆ ಖುಷಿಯಾಯಿತು. ಮೂವತ್ತೆಂಟರ ಮೈ ಇದು! ಮೊದಲಿನ ಉರಿ ಈಗ ಅವಳನ್ನು ಏನೂ ಮಾಡುತ್ತಿರಲಿಲ್ಲ. ಉಸಿರು ಸಲೀಸಾಗಿತ್ತು. ಬೇಕಾದರೆ ಸಂಜೆಯವರೆಗೂ ಕೂರಬಲ್ಲೆ ಅಂದುಕೊಂಡಳು. ಹಾಗಿದ್ದರೆ ನಿನ್ನೆಯ ಗೋಲೂ ತನ್ನದೇ.

ಗೆದ್ದವಳ ಗತ್ತಿನಲ್ಲಿ ಇಳಿದು ಬಂದು ಸೌಟು ತುಂಬ ನೀರನ್ನು ಕಲ್ಲಿಗೆ ಎರಚಿದಳು.

ಸದ್ದೇ ಆಗಲಿಲ್ಲ. ನೀರು ಕಲ್ಲುಗಳ ಸಂದಿಯಲ್ಲಿ ಇಳಿದು ಕೆಳಗೆ ತೊಟ್ಟಿಕ್ಕತೊಡಗಿತು.

ಕರೆಂಟು ಒಲೆಯ ಸ್ವಿಚ್ಚು ಇರುವುದು ಹೊರಗಿನ ಗೋಡೆಯಲ್ಲಿ. ಹೊತ್ತು ಮೀರಿದರೆ ಒಲೆ ತಾನಾಗಿಯೇ ಆರುತ್ತದೆ. ಹೋಗುವವರು ಯಾರಾದರೂ ಆರಿಸಲೂಬಹುದು. ವಿರ್ಪಿ ಬೆತ್ತಲೆ ನಿಂತು ಬರಿಗೈಯನ್ನು ಕಲ್ಲಿನ ಮೇಲಿಟ್ಟಳು. ಅದು ಯಾರೋ ಈಗಷ್ಟೇ ಎದ್ದುಹೋದ ಕುರ್ಚಿಯಷ್ಟು ಬೆಚ್ಚಗಿತ್ತು. ಅವಳು ಕೈಯನ್ನು ಇನ್ನಷ್ಟು ಒತ್ತಿ ಹಿಡಿದಳು, ಸುಡಲಿ ಎಂದು.