ಹನ್ನೆರಡು ಪದಗಳ ಚೀಟಿ ಕಾಯ್ದ ಲಾಕರ್

ನಾನು ಒಂದು ಲಾಕರ್. ಗದಗಿನ ಒಂದು ಸಹಕಾರಿ ಬ್ಯಾಂಕಿನಲ್ಲಿ ನಲವತ್ತಮೂರನೆಯ ನಂಬರಿನವನು. ಕಾರ್ಖಾನೆಯಲ್ಲಿ ನನ್ನನ್ನು ಮಾಡಿದವರಿಗೆ ಯಾರ ಮೇಲೂ ನಂಬಿಕೆ ಇರಲಿಲ್ಲ. ಅದಕ್ಕೇ ಬ್ಯಾಂಕಿನದೊಂದು, ಗಿರಾಕಿಯದೊಂದು, ಎರಡು ಕೀಲಿಕೈ ಸೇರಿದರೆ ಮಾತ್ರ ತೆರೆಯುವಂತೆ ಮಾಡಿದರು. ಅವರ ಗುಣವೇ ನನಗೂ ಬಂದಿದೆ. ನನ್ನ ಹತ್ತಿರ ಬರುವ ಕೈಗಳನ್ನೆಲ್ಲ ಮೊದಲು ಅನುಮಾನದಿಂದಲೇ ನೋಡುತ್ತೇನೆ.

ಮೊದಲು ಒಬ್ಬ ವಕೀಲರ ಬಳಿ ಇದ್ದೆ. ಆಮೇಲೆ ಪಾತ್ರೆ ಅಂಗಡಿಯ ಗುರುಪಾದಪ್ಪ ಮತ್ತು ಅವರ ಹೆಂಡತಿ ಅನ್ನಕ್ಕನ ಪಾಲಾದೆ. ಬಾಡಿಗೆಗಿದ್ದ ಅಂಗಡಿಯನ್ನು ಕೊಳ್ಳಲು ಅವರು ಇಪ್ಪತ್ತು ವರ್ಷ ಠೇವಣಿ ಕೂಡಿಸಿದ್ದರು. ಯುಗಾದಿಯೊಳಗೆ ಹಣ ಕೊಡದಿದ್ದರೆ ಮಾಲೀಕ ಅದನ್ನು ಬೇರೆಯವರಿಗೆ ಮಾರುವವನಿದ್ದ.

ಅಷ್ಟರಲ್ಲಿ ಗುರುಪಾದಪ್ಪ ಠೇವಣಿ ಮುರಿಸಿ, ಕ್ರಿಪ್ಟೊ ಎಂಬ, ಬ್ಯಾಂಕೇ ಇಲ್ಲದ ಹೊಸ ಹಣಕಾಸಿಗೆ ಹಾಕಿದರು. ಅದರ ಲೆಕ್ಕವನ್ನು ಜಗತ್ತಿನ ತುಂಬ ಹರಡಿದ ಕಂಪ್ಯೂಟರುಗಳು ಇಡುತ್ತವಂತೆ.

"ಮ್ಯಾನೇಜರ್ ಇಲ್ಲ, ಸಹಿ ಇಲ್ಲ, ಬಡ್ಡಿ ಮಾತ್ರ ಜಾಸ್ತಿ ನೋಡು," ಎಂದು ನನ್ನೆದುರೇ ಹೆಂಡತಿಗೆ ಹೇಳಿದರು.

ಯಾರೂ ಇಲ್ಲದ ಕಡೆ ಹೊಣೆ ಯಾರದು? ನನಗೆ ಅಲ್ಲೇ ಗುಮಾನಿ ಬಂತು. ಆ ಹಣ ತೆಗೆಯುವುದು ಅವರ ಮೊಬೈಲಿನಿಂದಲೇ; ಅದು ಕೆಟ್ಟರೆ ಹಣ ಮತ್ತೆ ಸಿಗಲು ಗುಟ್ಟಿನ ಹನ್ನೆರಡು ಇಂಗ್ಲಿಷ್ ಪದಗಳು ಬೇಕು. ಅವನ್ನು ಒಂದು ಚೀಟಿಯಲ್ಲಿ ಇಂಕ್ ಪೆನ್ನಿನಿಂದ ಬರೆದು, ಬ್ಯಾಂಕನ್ನು ಬೈಯುತ್ತಲೇ ಬ್ಯಾಂಕಿನ ಲಾಕರಿನಲ್ಲಿ ಇಟ್ಟರು!

ಅಂದಿನಿಂದ ನಾನು ಅಧಿಕಾರಿ ಬೂದಿಹಾಳರ ಮೇಲೂ ಕಸ ಗುಡಿಸುವವರ ಮೇಲೂ ಕಣ್ಣಿಟ್ಟೆ. ದೀಪಾವಳಿ ಮುಗಿದ ಮೇಲೆ ಒಡವೆ ಇಡಲು ಅನ್ನಕ್ಕ ಒಬ್ಬರೇ ಬಂದರು. ಡಬ್ಬಿಯಲ್ಲಿ ಕಲಸಿದ ಅರಿಸಿನವಿತ್ತು. ನನ್ನ ಬಾಗಿಲಿಗೆ ಹಚ್ಚಿದರು. "ರೊಕ್ಕದ ಚೀಟಿ, ಲಕ್ಷ್ಮಿ ಇದ್ದಂಗ," ಎನ್ನುತ್ತ ಚೀಟಿಯ ನಾಲ್ಕು ಮೂಲೆಗೂ ನಡುವಿಗೂ ಹಸಿ ಬೆರಳಿನಿಂದ ಹಚ್ಚಿ, ಕಣ್ಣಿಗೊತ್ತಿಕೊಂಡು ಮಡಿಸಿಟ್ಟರು. ಆ ಕೈಯನ್ನು ಮಾತ್ರ ನಾನು ಅನುಮಾನಿಸಲಿಲ್ಲ.

ಯುಗಾದಿಗೆ ಹದಿನೈದು ದಿನ ಇರುವಾಗ ಮೊಬೈಲ್ ಕೆಟ್ಟಿತು. ಗುರುಪಾದಪ್ಪ ಬಂದು ಚೀಟಿ ಬಿಡಿಸಿದರೆ, ಐದು ಪದಗಳು ಅರಿಸಿನದಲ್ಲಿ ಕಲಸಿಹೋಗಿದ್ದವು.

"ಬೂದಿಹಾಳ ಸಾಹೇಬ್ರ, ಏನರ ಮಾಡ್ರೀ!"

"ನಮ್ಮ ಪಾಸ್‌ಬುಕ್ ಕಳದಿದ್ರ ಇನ್ನೊಂದು ಕೊಡ್ತಿದ್ದೆ. ಇದಕ್ಕ ಯಾರನ್ನ ಕೇಳೂಣ್ರೀ?" ಎಂದರು ಬೂದಿಹಾಳರು.

ಹೊರಗೆ ನಿಂತಿದ್ದ ಅನ್ನಕ್ಕ ಗಾಬರಿಯಿಂದ ಒಳಗೆ ಬಂದರು. "ಏನಾತ್ರೀ?"

ಗುರುಪಾದಪ್ಪ ಹಳದಿ ಕಾಣದಂತೆ ಚೀಟಿಯನ್ನು ಮುಷ್ಟಿಯಲ್ಲಿ ಮುದುಡಿದರು. "ಲಾಕರ್ ಒಳಗ ಥಂಡಿ ಹೊಕ್ಕು, ಚೀಟಿ ಹಸಿಯಾಗಿ ಅಕ್ಷರ ಅಳಿಸ್ಯಾವ. ಅಂಗಡಿ ಹೋತು."

"ಇದರ ಮನೀ ಹಾಳಾಗ!" ಎಂದು ಅನ್ನಕ್ಕ ನನ್ನ ಬಾಗಿಲನ್ನು ಗುದ್ದಿ ಅತ್ತರು.

ಠೇವಣಿಗಳು ಒಂದೊಂದಾಗಿ ಹೊರಟುಹೋಗಿ ಆ ಶಾಖೆಯೂ ಮುಚ್ಚಿತು. ಈಗ ಗುಜರಿಯಲ್ಲಿದ್ದೇನೆ. ಹುಟ್ಟಿದಾಗಿನಿಂದ ಒಂದು ಹನಿ ನೀರನ್ನೂ ಒಳಗೆ ಬಿಟ್ಟವನಲ್ಲ. ಆದರೂ ಅನ್ನಕ್ಕನಿಗೆ ನಿಜ ಹೇಳುವ ಅವಕಾಶ ಸಿಕ್ಕಿದ್ದರೆ, ಥಂಡಿ ಹೊಕ್ಕಿದ್ದು ಹೌದು ಎಂದೇ ಹೇಳುತ್ತಿದ್ದೆ.