ಮಂಗಳಗೌರಿಯ ಬೀಟೆ ಪೆಟ್ಟಿಗೆ

ಚಳ್ಳಕೆರೆಯ ಮಂಗಳಗೌರಿಗೆ ನಲವತ್ತೊಂದು ವರ್ಷ. ಮದುವೆಯಾಗಿರಲಿಲ್ಲ. ಮೊಳಕಾಲ್ಮೂರಿನ ಕಡೆ ಆರೋಗ್ಯ ಸಹಾಯಕಿಯ ಕೆಲಸ. ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ನೇಕಾರರ ಕೇರಿಗಳಲ್ಲಿ ಮನೆ ಮನೆ ತಿರುಗಿ, ಕೂಸುಗಳಿಗೆ ಚುಚ್ಚುಮದ್ದು ಹಾಕಿ, ಬಸುರಿಯರನ್ನು ವಿಚಾರಿಸಿಕೊಂಡು ಸಂಜೆಗೆ ವಾಪಸಾಗುತ್ತಿದ್ದಳು. ಹಾಗೆ ತಿರುಗುವಾಗಲೇ ಆಕೆಗೆ ಹಳೆಯ ಪೆಟ್ಟಿಗೆಗಳ ಹುಚ್ಚು ಹಿಡಿದದ್ದು.

ಯಾರದೋ ಮನೆಯ ಅಟ್ಟದಲ್ಲಿ ಧೂಳು ತಿನ್ನುತ್ತಿದ್ದ ಹಿತ್ತಾಳೆಯ ಎಲೆಯಡಿಕೆ ಪೆಟ್ಟಿಗೆ, ಇನ್ಯಾರದೋ ಗೂಡಿನಲ್ಲಿದ್ದ ಅರಗಿನ ಬಣ್ಣದ ದುಂಡು ಭರಣಿ, ಗಿಳಿಯ ಚಿತ್ರವಿದ್ದ ತಗಡಿನ ಬಿಸ್ಕತ್ತು ಡಬ್ಬ. ಹೀಗೆ ಹನ್ನೆರಡು ವರ್ಷದಲ್ಲಿ ಅವಳ ಕೋಣೆ ತುಂಬಿತ್ತು. ತಂದದ್ದನ್ನು ಒರೆಸಿ ನೋಡುವುದಕ್ಕೆ ಇಡುವವಳಲ್ಲ ಅವಳು. ಎಲೆಯಡಿಕೆ ಪೆಟ್ಟಿಗೆಯ ಖಾನೆಗಳಲ್ಲಿ ಸಾಸಿವೆ, ಜೀರಿಗೆ, ಮೆಂತ್ಯ. ಭರಣಿಯಲ್ಲಿ ಸೂಜಿ, ಗುಂಡಿ, ಪಿನ್ನು. ಗಿಳಿಯ ಡಬ್ಬದಲ್ಲಿ ಗೆಳತಿಯರ ಕಾಗದ.

ಎಲ್ಲಕ್ಕಿಂತ ಚಂದದ್ದು ಬೀಟೆ ಮರದ ಪೆಟ್ಟಿಗೆ. ಮೂಲೆಗಳಿಗೆ ಹಿತ್ತಾಳೆಯ ಹೂವು, ಮುಚ್ಚಳದ ಒಳಗೆ ಕನ್ನಡಿ. ಪಾತಮ್ಮ ಎಂಬ ನೇಕಾರರ ಮುದುಕಿ ಅದರಲ್ಲಿ ಜರಿ ಉಂಡೆ ಇಟ್ಟುಕೊಂಡಿದ್ದಳು. ಕೊಡಲು ಒಪ್ಪುವುದಕ್ಕೆ ಎರಡು ವರ್ಷ ತೆಗೆದುಕೊಂಡಳು. ಮಂಗಳಗೌರಿ ದಿನಾ ಮುಂಜಾನೆ ಆ ಕನ್ನಡಿಯಲ್ಲೇ ತಲೆ ಬಾಚಿ, ಬೊಟ್ಟಿಟ್ಟು ಕೆಲಸಕ್ಕೆ ಹೊರಡುತ್ತಿದ್ದಳು. ಬಾಚಣಿಗೆ, ಕನ್ನಡಕ, ಬಸ್ ಪಾಸು, ಬಿ.ಪಿ. ಮಾತ್ರೆ, ತೀರಿಹೋದ ಅವ್ವನ ಫೋಟೊ ಎಲ್ಲ ಅದರೊಳಗೇ.

ಅವಳು ಇದ್ದದ್ದು ಅಣ್ಣ ವಿಶ್ವನಾಥನ ಮನೆಯ ಹಿಂದಿನ ಕೋಣೆಯಲ್ಲಿ. ವಿಶ್ವನಾಥ ಶೇಂಗಾ ವ್ಯಾಪಾರಿ, ಊರಲ್ಲಿ ಕಂಡರೆ ನಾಲ್ಕು ಜನ ಎದ್ದು ನಿಲ್ಲುವಂಥ ಮನುಷ್ಯ. ತಂಗಿಯ ಪೆಟ್ಟಿಗೆಗಳನ್ನು ಕಂಡಾಗಲೆಲ್ಲ ನಗುತ್ತಿದ್ದ. "ಇಟ್ಕೋ ಇಟ್ಕೋ. ನಿನ್ನ ಹಿಂದೆ ಇದೆಲ್ಲ ನಮ್ಮ ಹುಡುಗ್ರಿಗೇ ತಾನೆ?" ಅದು ತಮಾಷೆಯಲ್ಲ ಎಂದು ಅವಳಿಗೆ ತಿಳಿದದ್ದು ತೊಂಬತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ.

ಅಣ್ಣನ ಮಗಳು ಗಂಗಾಂಬಿಕಾಗೆ ಮೊಳಕಾಲ್ಮೂರಿನ ರೇಷ್ಮೆ ಸೀರೆ ವ್ಯಾಪಾರಿ ಜಂಬುಲಿಂಗಪ್ಪನವರ ಮನೆಗೆ ಸಂಬಂಧ ಕೂಡಿತ್ತು. ಮದುವೆಯ ಹಿಂದಿನ ದಿನ ಮಂಗಳಗೌರಿ ಕೆಲಸ ಮುಗಿಸಿ ಬಂದು ಕೋಣೆಯ ಬಾಗಿಲು ತೆರೆದರೆ, ಮಂಚದ ಮೇಲೆ ಹಳೇ ಪೇಪರು ಹಾಸಿತ್ತು. ಅದರ ಮೇಲೆ ಅವಳ ಬಾಚಣಿಗೆ, ಮಾತ್ರೆ, ಕನ್ನಡಕ ರಾಶಿಯಾಗಿ ಬಿದ್ದಿದ್ದವು. ಅವ್ವನ ಫೋಟೊ ಬೋರಲಾಗಿತ್ತು.

ಅಡುಗೆಮನೆಯಲ್ಲಿದ್ದ ಅತ್ತಿಗೆ ಜಗದಾಂಬಳನ್ನು ಕೇಳಿದಳು. "ನನ್ನ ಪೆಟ್ಟಿಗೆ ಎಲ್ಲೈತೆ?"

ಅತ್ತಿಗೆ ತಲೆ ಎತ್ತಲಿಲ್ಲ. "ಸಾಮಾನಿನ ಟೆಂಪೋದಾಗೆ ಹೋತು. ಬೀಗರಿಗೆ ಕೊಡೋ ಬೆಳ್ಳಿ ಸಾಮಾನು ಅದ್ರಾಗೆ ಇಟ್ರೆ ಭಾರಿ ಒಪ್ತೈತೆ ಅಂದ್ರು ನಿಮ್ಮಣ್ಣ. ನಾನೇ ಖಾಲಿ ಮಾಡಿಕೊಟ್ಟೆ."

"ನನ್ನ ಒಂದ್ ಮಾತು ಕೇಳ್ಬೇಕಿತ್ತು."

"ಮನೆ ಹುಡುಗೀಗೆ ತಾನೆ ಕೊಟ್ಟಿದ್ದು? ನಿನಗೇನು ಗಂಡನಾ, ಮಕ್ಕಳಾ, ಅಷ್ಟು ದೊಡ್ಡ ಪೆಟ್ಟಿಗೆ ತಗೊಂಡು ಏನ್ ಮಾಡ್ತೀಯ?"

ಮಂಗಳಗೌರಿ ಕೋಣೆಗೆ ಹೋಗಿ ಅವ್ವನ ಫೋಟೊ ಎತ್ತಿ ಸೆರಗಿನಲ್ಲಿ ಒರೆಸಿದಳು. ಪೆಟ್ಟಿಗೆ ಹೋದದ್ದಕ್ಕಿಂತ ತನ್ನ ವಸ್ತುಗಳನ್ನು ಹೀಗೆ ಪೇಪರಿನ ಮೇಲೆ ಸುರುವಿದ್ದು ಅವಳಿಗೆ ಹೆಚ್ಚು ಅವಮಾನವೆನಿಸಿತು. ಮಾರನೇ ದಿನ ಒಳ್ಳೆಯ ಸೀರೆ ಉಟ್ಟು, ಗಂಗಾಂಬಿಕಾಗೆಂದು ಮೊದಲೇ ಮಾಡಿಸಿಟ್ಟಿದ್ದ ಓಲೆಗಳನ್ನು ಪರ್ಸಿನಲ್ಲಿಟ್ಟುಕೊಂಡು, ಎಲ್ಲರ ಜೊತೆ ದಿಬ್ಬಣದ ಬಸ್ಸು ಹತ್ತಿದಳು.

ಮೊಳಕಾಲ್ಮೂರಿನ ಕಲ್ಯಾಣ ಮಂಟಪದ ಒಂದು ಬದಿಗೆ ಜಮಖಾನ ಹಾಸಿ ಉಡುಗೊರೆಗಳನ್ನು ಜೋಡಿಸಿದ್ದರು. ಮಂಚ, ಬೀರು, ಸ್ಟೀಲಿನ ಕೊಡಗಳು. ನಟ್ಟನಡುವೆ ಅವಳ ಬೀಟೆ ಪೆಟ್ಟಿಗೆ, ಮುಚ್ಚಳ ತೆರೆದು, ಕೆಂಪು ವಸ್ತ್ರ ಹಾಸಿ. ಬೀಗರ ಕಡೆಯ ಹೆಂಗಸರು ಸುತ್ತ ನಿಂತು ಹೊಗಳುತ್ತಿದ್ದರು. ವಿಶ್ವನಾಥ ಪಕ್ಕದಲ್ಲಿ ನಿಂತು, "ನಮ್ಮ ಅಜ್ಜನ ಕಾಲದ್ದು" ಎನ್ನುತ್ತಿದ್ದ.

ಮಂಗಳಗೌರಿ ಚಪ್ಪಲಿ ಬಿಟ್ಟು ಜಮಖಾನದ ಮೇಲೆ ಹೋಗಿ ಕೂತಳು. ಬೆಳ್ಳಿಯ ದೀಪ ಎತ್ತಿ ಜಮಖಾನದ ಮೇಲಿಟ್ಟಳು. ಆಮೇಲೆ ತಟ್ಟೆ, ಪಂಚಪಾತ್ರೆ, ಲೋಟಗಳು. ಒಂದೊಂದನ್ನೇ ಸಾವಕಾಶವಾಗಿ, ಸದ್ದಾಗದ ಹಾಗೆ ಇಟ್ಟು, ಕೆಂಪು ವಸ್ತ್ರವನ್ನು ಮಡಚಿ ಪಕ್ಕಕ್ಕಿಟ್ಟಳು.

"ಏನ್ ಮಾಡ್ತಿದೀಯ ಮಂಗಳಾ?" ಅಣ್ಣ ಹಲ್ಲು ಕಚ್ಚಿ ಪಿಸುಗುಟ್ಟಿದ.

"ನಂದು ನಾನ್ ತಗೋತಿದೀನಿ." ಅವಳು ಪಿಸುಗುಟ್ಟಲಿಲ್ಲ. "ಅಜ್ಜನ ಕಾಲದ್ದಲ್ಲ ಇದು. ಇದೇ ಊರಿನ ಪಾತಮ್ಮನ ಹತ್ರ ನಾನ್ ತಗೊಂಡಿದ್ದು."

"ಬೀಗರ ಮುಂದೆ ಮಾನ ತೆಗೀಬ್ಯಾಡ. ಮದುವೆ ನಿಂತ್ರೆ ನೀನೇ ಕಾರಣ, ನೋಡ್ಕೋ."

"ಒಂದು ಪೆಟ್ಟಿಗೆಗೆ ನಿಲ್ಲೋ ಮದುವೆ ಆದ್ರೆ ಈಗ್ಲೇ ನಿಲ್ಲಲಿ ಅಣ್ಣ. ಹುಡುಗಿ ಬದುಕ್ಕೊಂತಾಳೆ."

ಗದ್ದಲ ಕೇಳಿ ಜಂಬುಲಿಂಗಪ್ಪನವರು ಬಂದರು. "ಏನ್ರೀ ಇದು ವಿಶ್ವನಾಥಪ್ಪಾರೆ?" ಮಂಗಳಗೌರಿಯೇ ಎದ್ದು ನಿಂತು ಹೇಳಿದಳು. "ಇದು ನಾನು ದಿನಾ ಬಳಸೋ ಪೆಟ್ಟಿಗೆ ರೀ. ನಾನ್ ಇಲ್ಲದಾಗ, ಕೇಳ್ದೆ ತಂದಾರೆ. ನಿಮ್ಮ ಬೆಳ್ಳಿ ಅಲ್ಲೇ ಐತೆ, ನೋಡ್ಕೊಳ್ರಿ."

ಅಷ್ಟರಲ್ಲಿ ಅಲಂಕಾರ ಅರ್ಧಕ್ಕೇ ಬಿಟ್ಟು ಗಂಗಾಂಬಿಕಾ ಹೊರಗೆ ಬಂದಿದ್ದಳು. ಒಂದು ಕೈಗೆ ಬಳೆ ತೊಡಿಸಿತ್ತು, ಇನ್ನೊಂದು ಖಾಲಿ. "ಅಪ್ಪಾ, ಅತ್ತೆದು ಅತ್ತೆಗೆ ಕೊಡು. ನಾನ್ ಕೇಳಿರ್ಲಿಲ್ಲ" ಅಂದಳು.

ಜಂಬುಲಿಂಗಪ್ಪನವರು ಸೊಸೆಯಾಗುವವಳ ಮುಖ ನೋಡಿದರು, ಪೆಟ್ಟಿಗೆಯನ್ನು ನೋಡಿದರು. ಅವರ ಮುಖದಲ್ಲಿ ಸಿಟ್ಟೇನೋ ಇತ್ತು, ಆದರೆ ಅದು ಯಾರ ಮೇಲೆ ಎಂದು ವಿಶ್ವನಾಥನಿಗೆ ಅರ್ಥವಾಗಿ ಅವನು ತಲೆ ತಗ್ಗಿಸಿದ. "ಪೆಟ್ಟಿಗೆ ಯಾರ್ ಕೇಳಿದ್ರು ನಿಮ್ಮನ್ನ?" ಎಂದಷ್ಟೇ ಹೇಳಿ, ಅವರು ವಾಲಗದವರಿಗೆ ಬಾರಿಸಲು ಸನ್ನೆ ಮಾಡಿದರು.

ಮದುವೆ ನಡೆಯಿತು. ಮಂಗಳಗೌರಿ ಪೆಟ್ಟಿಗೆಯನ್ನು ಮಗ್ಗುಲಲ್ಲಿ ಇಟ್ಟುಕೊಂಡು ಅಕ್ಷತೆ ಹಾಕಿದಳು. ಗಂಗಾಂಬಿಕಾಗೆ ಓಲೆ ಕೊಟ್ಟಳು. ಊಟಕ್ಕೆ ಕೂತಾಗಲೂ ಅದು ಪಕ್ಕದ ಕುರ್ಚಿಯ ಮೇಲಿತ್ತು. ಎದುರು ಪಂಕ್ತಿಯಲ್ಲಿ ಜನ ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡುತ್ತಿದ್ದರು. ಅವಳು ಎರಡನೇ ಸಲ ಹೋಳಿಗೆ ಹಾಕಿಸಿಕೊಂಡಳು, ಮೇಲೆ ತುಪ್ಪ ಕೇಳಿ ಹಾಕಿಸಿಕೊಂಡಳು. ದಿಬ್ಬಣದ ಬಸ್ಸಿಗೆ ಕಾಯದೆ, ತಾನು ದಿನಾ ಬರುವ ಸರ್ವಿಸ್ ಬಸ್ಸಿನಲ್ಲೇ, ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಚಳ್ಳಕೆರೆಗೆ ಬಂದಳು.

ಮೂರನೇ ದಿನ ಅಣ್ಣ ಬಾಗಿಲಲ್ಲಿ ನಿಂತು, ಅವಳ ಮುಖ ನೋಡದೆ ಹೇಳಿದ. "ನನ್ನ ಮಾತಿಗೆ ಬೆಲೆ ಇಲ್ಲದೋರು ನನ್ನ ಮನ್ಯಾಗೆ ಇರೋದು ಬ್ಯಾಡ."

"ಬಾಡಿಗೆ ಮನೆ ನಿನ್ನೆನೇ ನೋಡಿ ಬಂದೀನಿ. ಭಾನುವಾರ ಹೋಗ್ತೀನಿ" ಅಂದಳು ಅವಳು.

ಸಿದ್ದಕ್ಕ ಎಂಬವಳ ವಠಾರದಲ್ಲಿ ಎರಡು ಕೋಣೆ. ಲಗೇಜ್ ಆಟೋದಲ್ಲಿ ಪೆಟ್ಟಿಗೆ, ಡಬ್ಬಿಗಳೆಲ್ಲ ಬಂದವು. "ಒಬ್ಳಿಗೆ ಇಷ್ಟು ಯಾಕಮ್ಮ?" ಎಂದು ಸಿದ್ದಕ್ಕ ಬೆರಗಾದಳು. "ಒಬ್ಳಿಗೂ ಸಾಸಿವೆ ಬೇಕು, ಸೂಜಿ ಬೇಕು ಸಿದ್ದಕ್ಕ" ಎನ್ನುತ್ತ ಮಂಗಳಗೌರಿ ಒಗ್ಗರಣೆ ಹಾಕಿದಳು. ಅಣ್ಣ ಆ ಕಡೆ ಸುಳಿಯಲಿಲ್ಲ. ಇವಳೂ ಕರೆಯಲಿಲ್ಲ.

ಆದರೆ ಶ್ರಾವಣ ಕಳೆದ ಮೇಲೆ ಒಂದು ಮಧ್ಯಾಹ್ನ ಜಗದಾಂಬ ಬಂದಳು. ಚಹಾ ಕುಡಿದಳು. ಊರಿನ ಸುದ್ದಿ ಹೇಳಿದಳು. ಎದ್ದು ಹೊರಟವಳು ಮತ್ತೆ ಕೂತು, ಬಾಗಿಲ ಕಡೆ ಒಮ್ಮೆ ನೋಡಿ ಕೇಳಿದಳು.

"ಗೌರೀ, ನನಗೂ ಒಂದು ಸಿಗ್ತೈತೇನೆ? ದೊಡ್ಡದೇನ್ ಬ್ಯಾಡ. ಬೀಗ ಇರ್ಬೇಕು, ಬೀಗದ ಕೈ ನನ್ನ ಹತ್ರ ಇರ್ಬೇಕು. ಅಷ್ಟೇ."

ಮಂಗಳಗೌರಿ ಅತ್ತಿಗೆಯ ಮುಖವನ್ನೇ ನೋಡಿದಳು. ಇಪ್ಪತ್ತೈದು ವರ್ಷ ಒಂದೇ ಒಲೆಯ ಅನ್ನ ಉಂಡಿದ್ದರೂ ಈ ಹೆಂಗಸಿಗೆ ತನ್ನದು ಅಂತ ಒಂದು ಡಬ್ಬಿಯೂ ಇಲ್ಲವೆಂಬುದು ಅವಳಿಗೆ ಹೊಳೆದೇ ಇರಲಿಲ್ಲ.

"ನಾಳೆ ಎಂಟೂವರೆ ಬಸ್ಸಿಗೆ ಬಾ. ಮೊಳಕಾಲ್ಮೂರಿನಾಗೆ ನೇಕಾರ ಯರ್ರಪ್ಪನ ಮನ್ಯಾಗೆ ಒಂದೈತೆ, ನೀನೇ ನೋಡಿ ತಗೋ" ಅಂದಳು.

"ನಿಮ್ಮಣ್ಣ ಕೇಳಿದ್ರೆ ಏನ್ ಹೇಳ್ಲಿ?"

"ಪೆಟ್ಟಿಗೆ ತರಾಕೆ ಹೋಗ್ತೀನಿ ಅಂತ ಹೇಳು."

ಮರುದಿನ ಎಂಟೂ ಕಾಲಿಗೇ ಜಗದಾಂಬ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದಳು.